ಅಂಗಳದ ಮೊಟ್ಟೆ ಅಂಗಡಿಗೆ ಬಂದಾಗ

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮನ್ರೋ ಎಂಬ ಸಣ್ಣ ಊರಿದೆ. ಅಲ್ಲಿ ಜೆರ್ರಿ ಲಫ್ಲಾಮ್ ಮತ್ತು ಅವರ ಸೋದರ ಸಂಬಂಧಿ ಪೀಟ್ ಸ್ಟಾಂಟನ್ ನಡೆಸುತ್ತಿದ್ದ ಕೋಳಿ ಫಾರಂ 1990ರ ದಶಕದ ಕೊನೆಯ ಹೊತ್ತಿಗೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಕೋಳಿಗಳಿಗೆ ರೋಗ ಬಂದಿರಲಿಲ್ಲ, ಮೊಟ್ಟೆಯ ಇಳುವರಿಯೂ ಕುಸಿದಿರಲಿಲ್ಲ. ಒಂದೊಂದು ಜಾಗದಲ್ಲಿ ಹತ್ತಾರು ಲಕ್ಷ ಕೋಳಿಗಳನ್ನು ಪಂಜರದಲ್ಲಿಟ್ಟು ಸಾಕುವ ದೈತ್ಯ ಕಂಪನಿಗಳು ಬಂದ ಮೇಲೆ ಮೊಟ್ಟೆಯ ಬೆಲೆ ಎಷ್ಟು ಇಳಿಯಿತೆಂದರೆ, ಸಣ್ಣ ಫಾರಂ ಮಾರಿದ ಪ್ರತಿಯೊಂದು ಡಜನ್ನಿನಲ್ಲೂ ನಷ್ಟವೇ ಉಳಿಯತೊಡಗಿತು. ಸಾಲ ಮಾಡಿ ತಾವೂ ಪಂಜರಗಳ ಸಾಲುಗಳನ್ನು ಏರಿಸಬೇಕು, ಇಲ್ಲವೇ ಬಾಗಿಲು ಹಾಕಬೇಕು ಎಂಬ ಎರಡೇ ದಾರಿಗಳು ಆ ಕಾಲದ ಸಣ್ಣ ಕೋಳಿ ಸಾಕಣೆದಾರರ ಮುಂದಿದ್ದವು, ಮತ್ತು ಬಹುಪಾಲು ಕುಟುಂಬಗಳು ಎರಡನೆಯದನ್ನೇ ಹಿಡಿದವು.

ಜೆರ್ರಿ ಮತ್ತು ಅವರ ಪತ್ನಿ ಕ್ಯಾರಲ್ ಮೂರನೆಯ ದಾರಿಯೊಂದನ್ನು ಹಿಡಿದರು. ಪಂಜರಗಳನ್ನು ತೆಗೆದು, ಕೋಳಿಗಳನ್ನು ಶೆಡ್ಡಿನ ನೆಲದ ಮೇಲೆ ಬಿಟ್ಟು, ಸಾವಯವ ಆಹಾರ ಹಾಕಿ, ಆ ಮೊಟ್ಟೆಯನ್ನು ಬೇರೆಯದೇ ಬೆಲೆಗೆ ಮಾರಲು ಹೊರಟರು. ಮಗ ಜೆಸ್ಸಿ 2000ದಲ್ಲಿ ಕಾಲೇಜು ಮುಗಿಸಿ ಊರಿಗೆ ಮರಳಿ ವ್ಯವಹಾರಕ್ಕೆ ಕೈಜೋಡಿಸಿದ. ‘ಪೀಟ್ ಅಂಡ್ ಜೆರ್ರೀಸ್’ ಎಂಬ ಹೆಸರಿನ ಆ ಫಾರಂ 2003ರಲ್ಲಿ ಅಮೆರಿಕದಲ್ಲೇ ಮೊದಲ ಬಾರಿಗೆ ಪ್ರಾಣಿಗಳನ್ನು ದಯೆಯಿಂದ ಸಾಕುವವರಿಗೆ ಸಿಗುವ ‘ಸರ್ಟಿಫೈಡ್ ಹ್ಯೂಮೇನ್’ ಪ್ರಮಾಣಪತ್ರ ಪಡೆದ ಮೊಟ್ಟೆ ಫಾರಂ ಆಯಿತು. 2013ರಲ್ಲಿ, ಸಮಾಜ ಮತ್ತು ಪರಿಸರದ ಹೊಣೆಯನ್ನೂ ಲೆಕ್ಕಕ್ಕೆ ಹಿಡಿಯುವ ಕಂಪನಿಗಳಿಗೆ ಸಿಗುವ ‘ಬಿ ಕಾರ್ಪ್’ ಮನ್ನಣೆ ಪಡೆಯಿತು. ಇಂದು ಅದರ ಮೊಟ್ಟೆ ಅಮೆರಿಕದ ಉದ್ದಗಲಕ್ಕೂ ಮಾರಾಟವಾಗುತ್ತಿದೆ.

ಛಲದಿಂದ ಗೆದ್ದ ಕುಟುಂಬವೊಂದರ ಕಥೆಯಾಗಿ ಇದನ್ನು ಹೇಳಿ ಮುಗಿಸಬಹುದು. ಆದರೆ ಈ ವ್ಯವಹಾರದ ಬೆಳವಣಿಗೆ ಎಬ್ಬಿಸುವ ಪ್ರಶ್ನೆಗಳು ಬೆಂಗಳೂರಿನ ಸೂಪರ್ ಮಾರ್ಕೆಟ್ಟುಗಳಲ್ಲಿ ‘ಫ್ರೀ ರೇಂಜ್’ (ಹೊರಗೆ ಬಿಟ್ಟು ಸಾಕಿದ ಕೋಳಿಯದು) ಎಂದು ಬರೆದ ಡಬ್ಬಿಗಳು ಕಾಣಿಸಿಕೊಂಡಿರುವ ಈ ಹೊತ್ತಿನಲ್ಲಿ ನಮ್ಮವೂ ಆಗಿವೆ. ಕೋಳಿಯ ಹಿತ ಕಾಯುವ ಸಾಕಣೆ ಬೆಳೆದಾಗ ನಿಜಕ್ಕೂ ಬೆಳೆಯುವುದು ಏನು? ಬೆಳೆದ ಮೇಲೆ ಆ ಹಿತವನ್ನು ನೋಡಿಕೊಳ್ಳುವವರು ಯಾರು?

ಮೊದಲು ಬೆಲೆಯ ವಿಷಯ. ಪಂಜರದ ಮೊಟ್ಟೆ ಅಕ್ಕಿ, ಜೋಳಗಳಂತೆ ಹೆಸರಿಲ್ಲದ ಸರಕು. ಯಾರ ಫಾರಂನದಾದರೂ ಒಂದೇ, ದಿನದ ಮಾರುಕಟ್ಟೆ ದರವೇ ಅದರ ದರ. ನಮ್ಮಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ ಹುಟ್ಟನ್ನು ನೆನೆದರೆ ಸಾಕು. ದರ ಕಟ್ಟುವ ಅಧಿಕಾರವೆಲ್ಲ ವ್ಯಾಪಾರಿಗಳ ಕೈಯಲ್ಲಿದ್ದು ಸಾಕಣೆದಾರರು ದಿವಾಳಿಯಾಗುತ್ತಿದ್ದ ದಿನಗಳಲ್ಲಿ, 1982ರಲ್ಲಿ, ಡಾ. ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ಅದು ಆರಂಭವಾಯಿತು. ತಮ್ಮ ಮೊಟ್ಟೆಗೆ ತಾವೇ ದರ ಹೇಳಬೇಕು ಎಂಬುದು ಅದರ ಮೂಲ ಹಠವಾಗಿತ್ತು. ಇಂದಿಗೂ ಮೈಸೂರು, ಹೊಸಪೇಟೆ, ಬೆಂಗಳೂರು ವಲಯಗಳ ದರ ಪ್ರತಿದಿನ ಅಲ್ಲಿಂದಲೇ ಹೊರಡುತ್ತದೆ. ಆದರೂ ಒಬ್ಬ ಸಾಕಣೆದಾರನ ಮಟ್ಟಿಗೆ ಅದು ಬಂದಂತೆ ಸ್ವೀಕರಿಸಬೇಕಾದ ದರವೇ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಬೆಲೆ ಏರಿದ ತಿಂಗಳಲ್ಲೇ ಮೊಟ್ಟೆಯ ದರ ಇಳಿದರೆ ಆತ ಮಾಡಬಹುದಾದ್ದು ಏನೂ ಇಲ್ಲ. ಕೋಳಿಗಳನ್ನು ಹೆಚ್ಚಿಸಿ, ಖರ್ಚನ್ನು ಹಂಚಿ, ಮುಂದಿನ ಬ್ಯಾಚಿಗೆ ಕಾಯಬೇಕು ಅಷ್ಟೆ.

ಮನ್ರೋದ ಕುಟುಂಬ ತಪ್ಪಿಸಿಕೊಂಡದ್ದು ಈ ಸುಳಿಯಿಂದ. ಮೊಟ್ಟೆಗೆ ಒಂದು ಹೆಸರು, ಒಂದು ಬಗೆಯ ಸಾಕಣೆ ಮತ್ತು ಒಂದು ಭರವಸೆಯನ್ನು ಜೋಡಿಸಿದ ಕೂಡಲೇ ಅದು ಸರಕಿನ ಸಾಲಿನಿಂದ ಹೊರಬಂದು, ಬೆಲೆ ಹೇಳುವ ಹಕ್ಕು ಮಾರುವವನ ಕೈಗೆ ಮರಳಿತು. ಇಲ್ಲಿ ಕರುಣೆ ಮತ್ತು ವ್ಯವಹಾರ ಎದುರಾಳಿಗಳಾಗಿರಲಿಲ್ಲ. ಪಂಜರ ತೆಗೆದದ್ದೇ ಆ ಕುಟುಂಬವನ್ನು ಉಳಿಸಿತು. ಸಣ್ಣ ಸಾಕಣೆದಾರರು ಬದುಕಬೇಕೆಂದು ಬಯಸುವ ಯಾರೂ ಇದನ್ನು ಹಗುರವಾಗಿ ನೋಡಬಾರದು ಎಂದು ನನಗೆ ಅನ್ನಿಸುತ್ತದೆ.

ಪಂಜರದಲ್ಲಿ ತಪ್ಪೇನಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳಷ್ಟು ಜನ ಅದನ್ನು ಕಣ್ಣಾರೆ ನೋಡಿರುವುದಿಲ್ಲ. ಅಮೆರಿಕದ ಮೊಟ್ಟೆ ಉದ್ಯಮವೇ ಹಾಕಿಕೊಂಡ ಮಾರ್ಗಸೂಚಿಯ ಪ್ರಕಾರ ಪಂಜರದಲ್ಲಿ ಬಿಳಿ ಕೋಳಿಯೊಂದಕ್ಕೆ ಸಿಗುವ ಕನಿಷ್ಠ ಜಾಗ 67 ಚದರ ಅಂಗುಲ, ಎಂದರೆ ಸುಮಾರು 432 ಚದರ ಸೆಂಟಿಮೀಟರ್. ನಾವು ಮುದ್ರಣಕ್ಕೆ ಬಳಸುವ ಎ4 ಹಾಳೆಯ ವಿಸ್ತೀರ್ಣ 624 ಚದರ ಸೆಂಟಿಮೀಟರ್. ಹಾಳೆಯ ಮೂರನೇ ಎರಡು ಭಾಗದಷ್ಟು ತಂತಿಯ ನೆಲದ ಮೇಲೆ ಆ ಹಕ್ಕಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿರುತ್ತದೆ. ನಮ್ಮ ಕಡೆಯ ಶೆಡ್ಡುಗಳಲ್ಲೂ ಜಾಗದ ಲೆಕ್ಕ ಇದಕ್ಕಿಂತ ಬಹಳ ಉದಾರವಾಗಿಲ್ಲ. ಅಂಥದೊಂದು ಶೆಡ್ಡಿನೊಳಗೆ ಒಮ್ಮೆ ನಡೆದುಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ವಾಸನೆಯಲ್ಲ, ಕೋಳಿಗಳ ಕುತ್ತಿಗೆ. ಆಹಾರದ ತೊಟ್ಟಿಗೆ ತಲೆ ಚಾಚಿ ಚಾಚಿ, ತಂತಿಗೆ ಉಜ್ಜಿ, ಕುತ್ತಿಗೆಯ ಮುಂಭಾಗದ ಗರಿಗಳು ಸವೆದು ತೊಗಲು ಕೆಂಪಗೆ ಕಾಣುತ್ತಿತ್ತು. ಸಾಲಿನುದ್ದಕ್ಕೂ ಹಾಗೆಯೇ ಇತ್ತು.

ಅಜ್ಜಿಯ ಮನೆಯ ಹಿತ್ತಿಲಿನಲ್ಲಿ ಬೆಳೆದವರಿಗೆ ಕೋಳಿ ದಿನವಿಡೀ ಏನು ಮಾಡುತ್ತದೆ ಎಂಬುದು ಗೊತ್ತು. ನಮ್ಮಲ್ಲಿ ಒಲೆಯ ಬೂದಿಯನ್ನು ತಿಪ್ಪೆಯ ಅಂಚಿಗೆ ಸುರಿಯುತ್ತಿದ್ದರು. ಬಿಸಿಲೇರಿದ ಹೊತ್ತಿಗೆ ಹೇಂಟೆಗಳು ಅಲ್ಲಿಗೆ ಬಂದು, ಕಾಲಿನಿಂದ ಗುಳಿ ತೋಡಿ, ಮಗ್ಗುಲಾಗಿ ಮಲಗಿ, ರೆಕ್ಕೆಯನ್ನು ಬಿಡಿಸಿ ಬೂದಿಯನ್ನು ಗರಿಗಳ ಬುಡಕ್ಕೆ ತುಂಬಿಕೊಳ್ಳುತ್ತಿದ್ದವು. ಒಂದು ಕಣ್ಣು ಮುಚ್ಚಿ, ಕಾಲು ನೀಡಿ, ಅರ್ಧ ತಾಸು ಬಿದ್ದುಕೊಂಡಿದ್ದು, ಎದ್ದು ಮೈ ಕೊಡವಿದರೆ ಬೂದಿಯ ಮೋಡವೇ ಏಳುತ್ತಿತ್ತು. ಹೇನು, ಚಿಗಟಗಳನ್ನು ಕಳೆದುಕೊಳ್ಳುವ ಈ ಸ್ನಾನವನ್ನು ಯಾರೂ ಅವಕ್ಕೆ ಕಲಿಸಿರಲಿಲ್ಲ. ತಂತಿಯ ನೆಲದ ಮೇಲೆ ನಿಂತ ಕೋಳಿಯೂ ಇಲ್ಲದ ಮಣ್ಣಿನಲ್ಲಿ ಅದೇ ಚಲನೆಗಳನ್ನು ಮಾಡುತ್ತದೆ ಎಂಬುದನ್ನು ಪ್ರಾಣಿ ವರ್ತನೆಯ ಅಧ್ಯಯನಗಳು ದಾಖಲಿಸಿವೆ. ಮೊಟ್ಟೆ ಇಡುವ ಮುನ್ನ ಮರೆಯ ಜಾಗ ಹುಡುಕುವುದು, ನೆಲ ಕೆದಕುವುದು, ಸಂಜೆ ಎತ್ತರದಲ್ಲಿ ಕೂರುವುದು, ಇವೆಲ್ಲ ಕಾಡುಕೋಳಿಯ ಕಾಲದಿಂದ ಬಂದ ಒಳತುಡಿತಗಳು. ಸಾಕಿದ ಸಾವಿರಾರು ವರ್ಷಗಳಲ್ಲಿ ಅವು ಅಳಿದಿಲ್ಲ. ಬ್ರಿಟನ್ನಿನಲ್ಲಿ 1965ರಲ್ಲಿ ವರದಿ ಕೊಟ್ಟ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗೆ ಬೇಕಾದ ಕನಿಷ್ಠ ಸ್ವಾತಂತ್ರ್ಯವನ್ನು ಬಹಳ ಸರಳವಾಗಿ ಹೇಳಿತ್ತು: ಎದ್ದು ನಿಲ್ಲುವುದು, ಮಲಗುವುದು, ತಿರುಗುವುದು, ಮೈ ಸವರಿಕೊಳ್ಳುವುದು, ಕೈಕಾಲು ಚಾಚುವುದು. ಪಂಜರದ ಕೋಳಿಗೆ ಇವುಗಳಲ್ಲಿ ಕೆಲವು ಕಷ್ಟಸಾಧ್ಯ, ಕೆಲವು ಅಸಾಧ್ಯ.

ಪಂಜರ ತೆಗೆಯುವುದು ಎಂದರೆ ಸಾಕಣೆದಾರನ ಕೆಲಸ ಸುಲಭವಾಗುತ್ತದೆ ಎಂದಲ್ಲ. ಪಂಜರದಲ್ಲಿ ಇಟ್ಟ ಮೊಟ್ಟೆ ತಾನಾಗಿ ಮುಂದಕ್ಕೆ ಉರುಳಿ ಸಾಲಿಗೆ ಬರುತ್ತದೆ. ನೆಲದ ಮೇಲೆ ಬಿಟ್ಟ ಕೋಳಿ ಗೂಡು ಬಿಟ್ಟು ಹೊಟ್ಟಿನಲ್ಲೋ ಮೂಲೆಯಲ್ಲೋ ಇಟ್ಟರೆ ಅದನ್ನು ಹುಡುಕಿ ತೆಗೆಯಬೇಕು; ಕೊಳೆಯಾದದ್ದು ಮಾರಾಟಕ್ಕೆ ಬರುವುದಿಲ್ಲ. ನನ್ನ ಅಜ್ಜಿ ಬುಟ್ಟಿಯಲ್ಲಿ ಹುಲ್ಲು ಹಾಸಿ, ದಿನವೂ ಮೊಟ್ಟೆ ತೆಗೆಯುವಾಗ ಒಂದನ್ನು ಅಲ್ಲೇ ಬಿಡುತ್ತಿದ್ದಳು. ಅದನ್ನು ಕಂಡು ಹೇಂಟೆ ಮತ್ತೆ ಅದೇ ಬುಟ್ಟಿಗೆ ಬರುತ್ತಿತ್ತು. ಇಪ್ಪತ್ತು ಸಾವಿರ ಕೋಳಿಗಳ ಶೆಡ್ಡಿನಲ್ಲಿ ಅದೇ ಪಾಠವನ್ನು ಬೆಳಕು, ಗೂಡಿನ ಎತ್ತರ ಮತ್ತು ಮರಿಗಳಿದ್ದಾಗಿನ ಅಭ್ಯಾಸದ ಮೂಲಕ ಕಲಿಸಬೇಕಾಗುತ್ತದೆ. ಓಡಾಡುವ ಕೋಳಿ ಹೆಚ್ಚು ತಿನ್ನುತ್ತದೆ, ಮತ್ತು ಮೊಟ್ಟೆಯ ಖರ್ಚಿನಲ್ಲಿ ಆಹಾರದ್ದೇ ಅತಿ ದೊಡ್ಡ ಪಾಲು. ಒಂದನ್ನೊಂದು ಕುಕ್ಕಿ ಗಾಯ ಮಾಡುವುದು ದೊಡ್ಡ ಗುಂಪುಗಳಲ್ಲಿ ಹೆಚ್ಚು. ಹೊರಗೆ ಬಿಟ್ಟರೆ ಹದ್ದು, ನಾಯಿ, ಮುಂಗುಸಿಗಳ ಭಯ. ಆಳುಗಳೂ ಹೆಚ್ಚು ಬೇಕು. ಇಂಥ ಮೊಟ್ಟೆಗೆ ಕೇಳುವ ಹೆಚ್ಚಿನ ಬೆಲೆಯ ಬಹುಪಾಲು ಈ ಖರ್ಚಿನಿಂದಲೇ ಹುಟ್ಟಿದ್ದು.

ಇನ್ನು ಬೆಳವಣಿಗೆ. ಬೇಡಿಕೆ ಹೆಚ್ಚಿದಾಗ ಮನ್ರೋದವರು ಶೆಡ್ಡನ್ನು ದೊಡ್ಡದು ಮಾಡಲಿಲ್ಲ, ಫಾರಂಗಳ ಸಂಖ್ಯೆಯನ್ನು ಹೆಚ್ಚಿಸಿದರು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಮುಂತಾದ ರಾಜ್ಯಗಳ ಸಣ್ಣ ರೈತ ಕುಟುಂಬಗಳೊಂದಿಗೆ ಒಪ್ಪಂದ ಮಾಡಿಕೊಂಡು, ಒಂದೊಂದು ಕಡೆ ಸುಮಾರು 20,000 ಕೋಳಿಗಳಂತೆ ಸಾಕಿಸಿ, ಮೊಟ್ಟೆಯನ್ನು ತರಿಸಿ, ತೊಳೆದು, ಪರೀಕ್ಷಿಸಿ, ತಮ್ಮ ಹೆಸರಿನ ಡಬ್ಬಿಯಲ್ಲಿ ತುಂಬುವ ಪದ್ಧತಿ ಕಟ್ಟಿದರು. ಅಂಥ ಫಾರಂಗಳ ಸಂಖ್ಯೆ ನೂರು ದಾಟಿತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಮ್ಯಾಟ್ ಓಹೇಯರ್ 2007ರಲ್ಲಿ 20 ಕೋಳಿಗಳಿಂದ ಆರಂಭಿಸಿದ ‘ವೈಟಲ್ ಫಾರ್ಮ್ಸ್’ ಕೂಡ ಹೀಗೆಯೇ ನೂರಾರು ಕುಟುಂಬಗಳ ಫಾರಂಗಳನ್ನು ಹೆಣೆದು, 2020ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಹತ್ತು ಲಕ್ಷ ಕೋಳಿಗಳ ಒಂದು ಫಾರಂಗಿಂತ ಇಪ್ಪತ್ತು ಸಾವಿರದ ಐವತ್ತು ಫಾರಂಗಳು ಕೋಳಿಗೂ ಒಳ್ಳೆಯದು, ಹಳ್ಳಿಗೂ ಒಳ್ಳೆಯದು. ಐವತ್ತು ಕುಟುಂಬಗಳು ಜಮೀನು ಮಾರದೆ ಊರಿನಲ್ಲಿ ಉಳಿಯುತ್ತವೆ. ಒಂದು ಕಡೆ ರೋಗ ಬಿದ್ದರೆ ಉಳಿದ ನಲವತ್ತೊಂಬತ್ತು ನಡೆಯುತ್ತಿರುತ್ತವೆ.

ಆದರೆ ಇಲ್ಲಿಯೇ ಒಂದು ಎಳೆ ಕಳಚುತ್ತದೆ. ಇನ್ನೂರು ಕೋಳಿ ಸಾಕುವ ಮನೆಯಿಂದ ಮೊಟ್ಟೆ ಕೊಳ್ಳುವ ನೆರೆಯವರು ಬೇಲಿಯಾಚೆಗೆ ಕೋಳಿಯನ್ನೂ ಕಾಣುತ್ತಾರೆ. ಸಾವಿರ ಮೈಲಿಯಾಚೆಗೆ ಮಾರಾಟವಾಗುವ ಡಬ್ಬಿಯನ್ನು ಕೊಳ್ಳುವವರಿಗೆ ಕಾಣುವುದು ಅದರ ಮೇಲಿನ ಚಿತ್ರ ಮತ್ತು ಎರಡು ಪದ ಮಾತ್ರ. ಆ ಪದಗಳೊಳಗೆ ಏನಿದೆ ಎಂಬುದನ್ನು ಎಕರೆ ಗುಂಟೆಗಳ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ‘ಸರ್ಟಿಫೈಡ್ ಹ್ಯೂಮೇನ್’ ಮಾನದಂಡದಲ್ಲಿ ‘ಫ್ರೀ ರೇಂಜ್’ ಎನ್ನಿಸಿಕೊಳ್ಳಲು ಕೋಳಿಯೊಂದಕ್ಕೆ ಹೊರಗಡೆ ಕನಿಷ್ಠ 2 ಚದರ ಅಡಿ ಜಾಗ ಕೊಟ್ಟು, ಹವೆ ಅನುಕೂಲವಿದ್ದರೆ ದಿನಕ್ಕೆ 6 ಗಂಟೆ ಹೊರಬಿಟ್ಟರೆ ಸಾಕು. ಅದರಂತೆ 20,000 ಕೋಳಿಗಳಿಗೆ ಬೇಕಾಗುವ ಹೊರಾಂಗಣ ಸುಮಾರು 37 ಗುಂಟೆ, ಒಂದು ಎಕರೆಗೂ ಕಡಿಮೆ. ಯೂರೋಪಿನ ಒಕ್ಕೂಟದ ನಿಯಮದಲ್ಲಿ ಅದೇ ಪದಕ್ಕೆ ಕೋಳಿಯೊಂದಕ್ಕೆ 4 ಚದರ ಮೀಟರ್ ಬೇಕು. 20,000 ಕೋಳಿಗಳಿಗೆ ಸುಮಾರು 20 ಎಕರೆ. ‘ಸರ್ಟಿಫೈಡ್ ಹ್ಯೂಮೇನ್’ನವರದೇ ‘ಪಾಶ್ಚರ್ ರೇಯ್ಸ್ಡ್’ ದರ್ಜೆಗೆ, ಎಂದರೆ ಹುಲ್ಲುಗಾವಲಿನಲ್ಲಿ ಸಾಕಿದ್ದಕ್ಕೆ, ಕೋಳಿಯೊಂದಕ್ಕೆ 108 ಚದರ ಅಡಿ. ಆ ಲೆಕ್ಕದಲ್ಲಿ ಐವತ್ತು ಎಕರೆಯ ಹತ್ತಿರ. ಇನ್ನು ಅಮೆರಿಕದ ಕೃಷಿ ಇಲಾಖೆಯ ವ್ಯಾಖ್ಯೆಗೆ ‘ಫ್ರೀ ರೇಂಜ್’ ಎನ್ನಲು ಮೊಟ್ಟೆಯಿಡುವ ಅವಧಿಯಲ್ಲಿ ಹೊರಗೆ ಹೋಗುವ ಅವಕಾಶ ಇರಬೇಕು, ಅಷ್ಟೆ. 37 ಗುಂಟೆಗೂ 20 ಎಕರೆಗೂ ಡಬ್ಬಿಯ ಮೇಲೆ ಒಂದೇ ಹೆಸರು.

ಹೊರಗೆ ಜಾಗವಿದ್ದ ಮಾತ್ರಕ್ಕೆ ಕೋಳಿ ಹೊರಗೆ ಬರುತ್ತದೆ ಎಂದೂ ಅಲ್ಲ. ಶೆಡ್ಡಿನ ಗೋಡೆಯ ಸಣ್ಣ ಕಿಂಡಿಬಾಗಿಲುಗಳಿಂದ ದೂರವಿರುವ ಹಕ್ಕಿಗಳು ಗುಂಪನ್ನು ದಾಟಿ ಬರಬೇಕು. ಬಂದರೂ ಮರದ ನೆರಳಿಲ್ಲದ ಬಯಲು ಕಂಡರೆ ಹದ್ದಿನ ಹೆದರಿಕೆಯಿಂದ ಗೋಡೆಯ ಅಂಚಿನಲ್ಲೇ ನಿಲ್ಲುತ್ತವೆ. ಕಾಡಿನಂಚಿನ ಜೀವಿಗೆ ಪೊದೆ ಬೇಕು. ಬ್ರಿಟನ್ನಿನ ಸಾಕಣೆದಾರರು ಇದನ್ನು ಅರಿತು ಕೋಳಿ ಮೇಯುವ ಜಾಗದಲ್ಲಿ ಮರ ನೆಡತೊಡಗಿದ ಮೇಲೆ, ಹಕ್ಕಿಗಳು ದೂರದೂರಕ್ಕೆ ಹೋಗಿ ಮೇಯುವುದನ್ನು ಕಂಡರು.

ಈ ಅಂತರವೇ ಮನ್ರೋದ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯಿತು. ಅದರ ‘ನೆಲ್ಲೀಸ್’ ಎಂಬ ಫ್ರೀ ರೇಂಜ್ ಮೊಟ್ಟೆಯ ಡಬ್ಬಿಯ ಮೇಲೆ ಹಸಿರು ಹುಲ್ಲಿನ ನಡುವೆ ಕೋಳಿಗಳ, ಅವುಗಳನ್ನು ಎತ್ತಿಕೊಂಡ ಮಕ್ಕಳ ಚಿತ್ರಗಳಿದ್ದವು. ವಾಸ್ತವದಲ್ಲಿ 20,000ದವರೆಗೆ ಕೋಳಿಗಳನ್ನು ಶೆಡ್ಡಿನಲ್ಲಿ ಒತ್ತಾಗಿ ತುಂಬಿರುವುದರಿಂದ ಅವು ಹೊರಬರುವುದೇ ಕಷ್ಟ ಎಂದು ಆರೋಪಿಸಿ, ಪ್ರಾಣಿ ಹಕ್ಕುಗಳ ಸಂಘಟನೆ ಪೇಟಾದ ಬೆಂಬಲದೊಂದಿಗೆ ಗ್ರಾಹಕರು 2019ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಕಂಪನಿ ಆರೋಪವನ್ನು ಒಪ್ಪಲಿಲ್ಲ. ಪ್ರಕರಣವನ್ನು ಆರಂಭದಲ್ಲೇ ವಜಾ ಮಾಡಬೇಕೆಂಬ ಅದರ ಕೋರಿಕೆಯನ್ನು ನ್ಯಾಯಾಲಯ 2020ರಲ್ಲಿ ಪೂರ್ತಿಯಾಗಿ ಮನ್ನಿಸಲಿಲ್ಲ. ಪ್ರಮಾಣಪತ್ರದ ಅಳತೆಯನ್ನು ಕಂಪನಿ ಪಾಲಿಸಿದ್ದರೂ, ಗ್ರಾಹಕ ಆ ಪದವನ್ನು ಕೇಳಿ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಅಂಗಳ ಬೇರೆಯೇ ಇರಬಹುದು ಎಂಬುದು ಈ ಪ್ರಕರಣದಿಂದ ಬಯಲಾಯಿತು. ಲಫ್ಲಾಮ್ ಕುಟುಂಬ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಪಂಜರದಿಂದ ಹೊರಬಂದ ಕೋಳಿಗೆ ಅದರ ಶೆಡ್ಡಿನಲ್ಲಿ ಸಿಕ್ಕ ಬದುಕು ಖಂಡಿತವಾಗಿ ಉತ್ತಮ. ಅಳತೆಯನ್ನು ಹೇಳದ ಪದ ಪ್ರಾಮಾಣಿಕ ಸಾಕಣೆದಾರನನ್ನೂ ಕಟಕಟೆಗೆ ನಿಲ್ಲಿಸುತ್ತದೆ, ಅಪ್ರಾಮಾಣಿಕನಿಗೂ ಆಸರೆಯಾಗುತ್ತದೆ ಎಂಬುದೇ ನನ್ನ ಮಾತು.

ಯೂರೋಪು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಅಲ್ಲಿ ಪ್ರತಿ ಮೊಟ್ಟೆಯ ಸಿಪ್ಪೆಯ ಮೇಲೆ ಒಂದು ಸಂಕೇತ ಮುದ್ರಿಸುತ್ತಾರೆ: 0 ಎಂದರೆ ಸಾವಯವ, 1 ಎಂದರೆ ಹೊರಗೆ ಮೇಯಿಸಿದ್ದು, 2 ಎಂದರೆ ಶೆಡ್ಡಿನ ನೆಲದಲ್ಲಿ ಬಿಟ್ಟದ್ದು, 3 ಎಂದರೆ ಪಂಜರದ್ದು, ಅದರ ಮುಂದೆ ದೇಶದ ಮತ್ತು ಫಾರಂನ ಗುರುತು. 3 ಎಂಬ ಅಂಕಿ ಕಣ್ಣೆದುರಿಗಿರುವುದರಿಂದ ಪಂಜರದ ಮೊಟ್ಟೆ ಹಳ್ಳಿಯ ಚಿತ್ರದ ಮರೆಯಲ್ಲಿ ಅಡಗಲಾಗುವುದಿಲ್ಲ. ಗೂಡು, ಕೂರುವ ಕೋಲು ಯಾವುದೂ ಇಲ್ಲದ ಬರಿದಾದ ಪಂಜರಗಳನ್ನು ಸ್ವಿಟ್ಜರ್‌ಲೆಂಡ್ 1992ರಲ್ಲೇ ನಿಷೇಧಿಸಿತ್ತು. ಯೂರೋಪಿನ ಒಕ್ಕೂಟದಲ್ಲಿ 1999ರಲ್ಲಿ ಒಪ್ಪಿದ ನಿಷೇಧ 2012ರ ಜನವರಿ 1ರಿಂದ ಜಾರಿಗೆ ಬಂತು. ಆ ನಡುವಿನ ಹನ್ನೆರಡು ವರ್ಷಗಳು ಸಾಕಣೆದಾರರಿಗೆ ಹೊಸ ಶೆಡ್ಡಿಗೆ ಹೊಂದಿಕೊಳ್ಳಲು ಕೊಟ್ಟ ಕಾಲ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 2018ರಲ್ಲಿ ಪಂಜರದ ಮೊಟ್ಟೆಯ ಮಾರಾಟವನ್ನೇ ನಿಲ್ಲಿಸುವ ಕಾನೂನಿಗೆ ಮತ ಹಾಕಿದರು. ಹಂದಿಗಳಿಗೂ ಅನ್ವಯಿಸುವ ಆ ಕಾನೂನನ್ನು ಹಂದಿ ಸಾಕಣೆದಾರರ ಸಂಘ ಪ್ರಶ್ನಿಸಿದಾಗ ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು ಎತ್ತಿಹಿಡಿಯಿತು. ಮೆಕ್‌ಡೊನಾಲ್ಡ್ಸ್ 2015ರಲ್ಲಿ ಕೊಟ್ಟ ಮಾತಿನಂತೆ ತನ್ನ ಅಮೆರಿಕದ ಅಂಗಡಿಗಳಿಗೆ ಪಂಜರವಿಲ್ಲದ ಮೊಟ್ಟೆಯನ್ನೇ ತರಿಸುವಂತಾಯಿತು. ಸಣ್ಣ ಕುಟುಂಬಗಳು ತೋರಿಸಿದ ದಾರಿಯಲ್ಲಿ ಕಾನೂನೂ ದೊಡ್ಡ ಕಂಪನಿಗಳೂ ತಡವಾಗಿಯಾದರೂ ನಡೆದವು.

ಹಕ್ಕಿಜ್ವರ ಈ ಲೆಕ್ಕವನ್ನೆಲ್ಲ ಕಲಕಿತು. 2022ರಿಂದ 2025ರ ಆರಂಭದವರೆಗೆ ಅಮೆರಿಕದಲ್ಲಿ 16 ಕೋಟಿಗೂ ಹೆಚ್ಚು ಕೋಳಿ ಮತ್ತಿತರ ಸಾಕು ಹಕ್ಕಿಗಳು ಸೋಂಕಿನಿಂದ ಸತ್ತವು ಅಥವಾ ಸೋಂಕು ತಡೆಯಲು ಕೊಲ್ಲಲ್ಪಟ್ಟವು. 2025ರ ಮಾರ್ಚಿನಲ್ಲಿ ಅಲ್ಲಿ ಒಂದು ಡಜನ್ ಸಾಮಾನ್ಯ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರಿಗೆ ಏರಿತು. ದಿನದ ಮಾರುಕಟ್ಟೆ ದರಕ್ಕೆ ಕಟ್ಟುಬೀಳದೆ ಒಪ್ಪಂದದ ದರದಲ್ಲಿ ಮಾರುತ್ತಿದ್ದ ಹೊರಮೇವಿನ ಮೊಟ್ಟೆಯ ಬೆಲೆ ಅಷ್ಟಾಗಿ ಏರದ ಕಾರಣ, ಎಷ್ಟೋ ಅಂಗಡಿಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಬಂದವು, ಮತ್ತು ಮೊದಲ ಬಾರಿಗೆ ಬಹಳ ಮಂದಿ ಈ ಡಬ್ಬಿಯನ್ನು ಕೈಗೆತ್ತಿಕೊಂಡರು. ಇನ್ನೊಂದು ಕಡೆ, ಹೊರಗೆ ಬಿಟ್ಟ ಕೋಳಿಗೆ ವಲಸೆ ಹಕ್ಕಿಗಳಿಂದ ಸೋಂಕು ತಗಲುವ ಅಪಾಯ ಹೆಚ್ಚು. ಯೂರೋಪಿನಲ್ಲೂ ಬ್ರಿಟನ್ನಿನಲ್ಲೂ ಸರ್ಕಾರಗಳೇ ತಿಂಗಳುಗಟ್ಟಲೆ ಕೋಳಿಗಳನ್ನು ಒಳಗೆ ಕೂಡುವಂತೆ ಆದೇಶಿಸಿದವು. ಒಳಗೆ ಕೂಡಿದ ಕೋಳಿಯ ಮೊಟ್ಟೆಯನ್ನು 16 ವಾರ ಮಾತ್ರ ‘ಫ್ರೀ ರೇಂಜ್’ ಎಂದು ಮಾರಬಹುದೆಂಬ ಹಳೆಯ ನಿಯಮವನ್ನು ಯೂರೋಪಿನ ಒಕ್ಕೂಟ 2023ರಲ್ಲಿ ಸಡಿಲಿಸಿತು; ಇಂಗ್ಲೆಂಡಿನಲ್ಲಿ ಅದು 2025ರ ಜನವರಿ ಕೊನೆಯಿಂದ ಸಡಿಲವಾಯಿತು. ಸಾಕಣೆದಾರನ ತಪ್ಪಿಲ್ಲದ ಕಾರಣಕ್ಕೆ ಅವನ ಹೆಸರು ಕೆಡಬಾರದು ಎಂಬ ಕಾಳಜಿ ಅರ್ಥವಾಗುತ್ತದೆ. ಆದರೂ ಆ ತಿಂಗಳುಗಳಲ್ಲಿ ಆ ಪದ ಹೇಳುವುದು ಒಂದು, ಕೋಳಿ ಬದುಕುವುದು ಇನ್ನೊಂದು.

ಪಂಜರ ತೆಗೆದರೂ ಬಗೆಹರಿಯದ ಸಂಗತಿಯೊಂದನ್ನು ಇಲ್ಲಿ ಹೇಳಿಬಿಡಬೇಕು. ಮೊಟ್ಟೆ ಕೋಳಿಯ ತಳಿಗಳಲ್ಲಿ ಹುಂಜದ ಮರಿ ಮೊಟ್ಟೆಯನ್ನೂ ಇಡದು, ಮಾಂಸಕ್ಕೂ ಲಾಭಕರವಲ್ಲ; ಆದ್ದರಿಂದ ಹುಟ್ಟಿದ ದಿನವೇ ಅವುಗಳನ್ನು ಕೊಲ್ಲುವುದು ಜಗತ್ತಿನಾದ್ಯಂತ ಮರಿ ಮಾಡಿಸುವ ಕೇಂದ್ರಗಳ ರೂಢಿ. ಜರ್ಮನಿ ಇದನ್ನು 2022ರಿಂದ ನಿಷೇಧಿಸಿ, ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣು ಪತ್ತೆ ಮಾಡುವ ತಂತ್ರಕ್ಕೆ ದಾರಿ ಮಾಡಿಕೊಟ್ಟಿದೆ. ಇಂಥ ನಿಷೇಧವಿಲ್ಲದೆಡೆ ಅತ್ಯುತ್ತಮ ಫಾರಂನ ಹೇಂಟೆಗೂ ಬದುಕದೆ ಹೋದ ಒಬ್ಬ ಒಡಹುಟ್ಟು ಇದ್ದೇ ಇರುತ್ತಾನೆ.

ಬೆಳವಣಿಗೆಯ ಕೊನೆಯ ತಿರುವು ಒಡೆತನದ್ದು. ದಶಕಗಳ ಕಾಲ ಕುಟುಂಬದ ಕೈಯಲ್ಲಿದ್ದ ಪೀಟ್ ಅಂಡ್ ಜೆರ್ರೀಸ್ ಮುಂದೆ ಲಾಸ್ ಏಂಜಲೀಸಿನ ‘ಬಟರ್‌ಫ್ಲೈ’ ಎಂಬ ಖಾಸಗಿ ಹೂಡಿಕೆ ಸಂಸ್ಥೆಯ ತೆಕ್ಕೆಗೆ ಸೇರಿತು. ಕೋಳಿ ಸಾಕಿ ಮೊಟ್ಟೆ ಕೊಡುವ ನೂರಕ್ಕೂ ಮಿಕ್ಕ ಕುಟುಂಬಗಳು ಇಂದಿಗೂ ಅದರ ಬೆನ್ನೆಲುಬು. ಆದರೆ ಡಬ್ಬಿಯ ಮೇಲಿನ ಹೆಸರಿನ ಬೆಲೆ ಅವರದಲ್ಲ. ಅವರ ಬೆವರಿನಿಂದ ಆ ಹೆಸರಿಗೆ ಬಂದ ಮೌಲ್ಯ ಮಾರಾಟವಾದದ್ದು ಬೇರೆಯವರ ನಡುವೆ. ಹೂಡಿಕೆ ಸಂಸ್ಥೆ ಬಂದ ಕೂಡಲೇ ಕೋಳಿಯ ಹಿತ ಕೆಡುತ್ತದೆ ಎನ್ನಲಾಗದು, ಪ್ರಮಾಣಪತ್ರ ಹಾಗೆಯೇ ಇದೆ. ಮೊಟ್ಟೆಯ ವ್ಯವಹಾರದಲ್ಲಿ ಬೆಳೆಯುವುದು ಫಾರಂ ಅಲ್ಲ, ಹೆಸರು. ಆ ಹೆಸರು ಯಾರ ಆಸ್ತಿ, ಅದರ ಹಿಂದಿನ ಅಳತೆಯನ್ನು ಯಾರು ಪರೀಕ್ಷಿಸುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಕೋಳಿಯ ಮತ್ತು ಸಾಕಣೆದಾರನ ಇಬ್ಬರ ಭವಿಷ್ಯವೂ ನಿಂತಿದೆ.

ಈಗ ನಮ್ಮ ನೆಲಕ್ಕೆ ಬರೋಣ. 2023–24ರಲ್ಲಿ ಭಾರತ ಉತ್ಪಾದಿಸಿದ ಮೊಟ್ಟೆ 14,277 ಕೋಟಿ. ತಲಾ ಲೆಕ್ಕದಲ್ಲಿ ವರ್ಷಕ್ಕೆ 103. ಆಂಧ್ರಪ್ರದೇಶ, ತಮಿಳುನಾಡು, ತೆಲಂಗಾಣ, ಪಶ್ಚಿಮ ಬಂಗಾಳಗಳ ನಂತರ ಶೇ 6.63ರ ಪಾಲಿನೊಂದಿಗೆ ಕರ್ನಾಟಕ ಆ ವರ್ಷ ಐದನೆಯ ಸ್ಥಾನದಲ್ಲಿತ್ತು. ಪೌಷ್ಟಿಕತೆಯ ತಜ್ಞರು ಹೇಳುವ ವರ್ಷಕ್ಕೆ 180 ಮೊಟ್ಟೆಗೆ ನಾವಿನ್ನೂ ಬಹಳ ದೂರ. ಅಂದರೆ ನಮ್ಮಲ್ಲಿ ಮೊಟ್ಟೆ ಹೆಚ್ಚಬೇಕು, ಮತ್ತು ಅಗ್ಗವಾಗಿಯೂ ಇರಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳಿಂದ ಆರಂಭವಾಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು. ಬೇಯಿಸಿ, ಸುಲಿದು ಕೊಡುವ ಖರ್ಚೂ ಸೇರಿ ಒಂದು ಮೊಟ್ಟೆಗೆ ಸಿಗುತ್ತಿದ್ದದ್ದು 6 ರೂಪಾಯಿ. ಮಾರುಕಟ್ಟೆ ದರ ಏರಿದಾಗಲೆಲ್ಲ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾಯಿತು. ಆ ಮಗುವಿನ ತಟ್ಟೆಯಲ್ಲಿರುವುದು ಪಂಜರದ ಮೊಟ್ಟೆ. ಅದನ್ನು ಕಸಿದುಕೊಳ್ಳುವ ಯಾವ ವಾದವನ್ನೂ ನಾನು ಮಾಡಲಾರೆ. ಎರಡು ಪಟ್ಟು ಬೆಲೆ ಕೊಡಬಲ್ಲವರು ಮೊದಲು ಬದಲಾಗಲಿ. ಹೋಟೆಲುಗಳು, ಬೇಕರಿಗಳು, ಐಟಿ ಕಂಪನಿಗಳ ಕ್ಯಾಂಟೀನುಗಳು, ನನ್ನಂಥ ನಗರವಾಸಿಗಳು.

ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. ಪ್ರಾಣಿಗಳಿಗೆ ಚಲಿಸಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. 2017ರ ಜುಲೈನಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿಗಳ ಸ್ಥಿತಿಯನ್ನೇ ವಿಷಯವಾಗಿ ಎತ್ತಿಕೊಂಡಿತು. ಫಾರಂಗಳಿಗೆ ರಾಜ್ಯದ ಪಶುಸಂಗೋಪನಾ ಇಲಾಖೆಯೇ ಪ್ರಮಾಣಪತ್ರ ಕೊಡಬೇಕು, ಪಂಜರದ ಮೊಟ್ಟೆಯನ್ನೂ ಪಂಜರವಿಲ್ಲದ ಮೊಟ್ಟೆಯನ್ನೂ ಬೇರ್ಪಡಿಸಿ ಗುರುತಿಸಬೇಕು ಎಂಬುದು ಅದರ ಶಿಫಾರಸು. ಈ ಶಿಫಾರಸಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಯೂರೋಪಿನಂತೆ ಪ್ರತಿ ಮೊಟ್ಟೆಯ ಮೇಲೆ ಸಾಕಣೆಯ ವಿಧಾನವನ್ನು ಕಡ್ಡಾಯವಾಗಿ ಮುದ್ರಿಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಪರಿಣಾಮವಾಗಿ, ಸಿಪ್ಪೆ ಕಂದು ಬಣ್ಣದ್ದಾದರೆ ಸಾಕು, ಅದು ನಾಟಿ ಮೊಟ್ಟೆ ಎಂದು ಹೆಚ್ಚು ದುಡ್ಡು ಕೊಡುವವರಿದ್ದಾರೆ. ಸಿಪ್ಪೆಯ ಬಣ್ಣ ತಳಿಯದ್ದು. ಕಂದು ಮೊಟ್ಟೆಯಿಡುವ ಕೋಳಿಯನ್ನೂ ಪಂಜರದಲ್ಲಿ ಸಾಕಬಹುದು.

ಒಳ್ಳೆಯ ಸಾಕಣೆಗೆ ಬೇಕಾದ ತಳಿಗಳು ನಮ್ಮ ಕೈಯಲ್ಲೇ ಇವೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರಾ, ಹೆಸರಘಟ್ಟದ ಕೇಂದ್ರ ಸಂಸ್ಥೆಯ ಕಾವೇರಿ, ಇವು ಹಿತ್ತಿಲಿನ ಕೆದಕುವ ಬದುಕಿಗೆಂದೇ ಬೆಳೆಸಿದ ಕೋಳಿಗಳು. ಫಾರಂಗಳಲ್ಲಿ ಮೊಟ್ಟೆಗೆಂದೇ ಸಾಕುವ ಲೇಯರ್ ಕೋಳಿಯಷ್ಟು ಮೊಟ್ಟೆ ಇವುಗಳಿಂದ ಬಾರದು, ಆದರೆ ಬಿಸಿಲು ತಡೆಯುತ್ತವೆ, ರೋಗ ತಡೆಯುತ್ತವೆ. ದಕ್ಷಿಣ ಭಾರತದಲ್ಲಿ ಹೊರಮೇವಿನ ಮೊಟ್ಟೆಯನ್ನು ವ್ಯವಹಾರವಾಗಿ ಕಟ್ಟಲು ಹೊರಟವರಲ್ಲಿ ‘ಹ್ಯಾಪಿ ಹೆನ್ಸ್’ನ ಮಂಜುನಾಥ್ ಮಾರಪ್ಪನ್ ಮೊದಲಿಗರ ಸಾಲಿನಲ್ಲಿದ್ದಾರೆ. ಇಂಥ ಪ್ರಯತ್ನ ಮಾಡುವ ಸಣ್ಣ ಕುಟುಂಬಗಳನ್ನು ಹಣ್ಣು ಮಾಡುವುದು ಮೊಟ್ಟೆಯ ಉತ್ಪಾದನೆಗಿಂತ ಅದರ ಮಾರಾಟ. ಐನೂರು ಕೋಳಿ ಸಾಕುವ ಮನೆಗೆ ದಿನಕ್ಕೆ ಹತ್ತು ಹನ್ನೆರಡು ಟ್ರೇ ಮೊಟ್ಟೆ ಬಂದರೆ ಅದನ್ನು ನಗರಕ್ಕೆ ಒಯ್ಯುವ ಗಾಡಿಯ ಖರ್ಚೇ ಲಾಭವನ್ನು ತಿನ್ನುತ್ತದೆ. ಎಥನಾಲ್ ತಯಾರಿಕೆಗೆ ಮೆಕ್ಕೆಜೋಳ ಹೋಗತೊಡಗಿದ ಮೇಲೆ ಆಹಾರದ ಬೆಲೆಯೂ ಹಗುರವಾಗಿಲ್ಲ.

ಮನ್ರೋದವರು ನೂರು ಕುಟುಂಬಗಳನ್ನು ಒಂದು ಡಬ್ಬಿಯಡಿ ತಂದದ್ದು ಈ ಕಷ್ಟಕ್ಕೇ ಉತ್ತರ. ಕರ್ನಾಟಕಕ್ಕೆ ಆ ಪದ್ಧತಿ ಹೊಸದೂ ಅಲ್ಲ. ಎರಡು ಹಸು ಕಟ್ಟಿದ ಮನೆಯ ಹಾಲು ಬೆಳಿಗ್ಗೆ ಡೇರಿಗೆ ಹೋಗಿ, ಅಲ್ಲೇ ಅದರ ಜಿಡ್ಡಿನಂಶ ಅಳೆದು ಬರೆದುಕೊಂಡು, ಸಂಜೆಯೊಳಗೆ ನಂದಿನಿ ಪೊಟ್ಟಣವಾಗುವುದನ್ನು ನಾವು ನೋಡುತ್ತಲೇ ಬೆಳೆದಿದ್ದೇವೆ. ಆ ಹೆಸರು ಹಾಲು ಹಾಕುವವರ ಸಹಕಾರ ಸಂಘಗಳದ್ದು. ಹೂಡಿಕೆದಾರನೊಬ್ಬ ಬಂದು ಕೊಂಡುಕೊಂಡು ಹೋಗುವಂಥದಲ್ಲ. ಸಹಕಾರಿ ಡೇರಿಗಳಿಗೂ ತಮ್ಮವೇ ಆದ ಕುಂದುಗಳಿವೆ, ಆದರೆ ಒಡೆತನದ ಪ್ರಶ್ನೆಗೆ ಅವು ಕೊಟ್ಟ ಉತ್ತರ ಮನ್ರೋದಲ್ಲಿ ಸಿಗಲಿಲ್ಲ. ಒಂದು ಹೋಬಳಿಯ ಐವತ್ತು ಮನೆಗಳು ಸೇರಿ ಒಂದು ಸಂಗ್ರಹ ಕೇಂದ್ರ, ಅಲ್ಲಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಲು ಒಂದು ದೀಪದ ಪೆಟ್ಟಿಗೆ, ದರ್ಜೆಗೆ ತೂಗಲು ಒಂದು ತಕ್ಕಡಿ, ವಾರಕ್ಕೆ ಎರಡು ಬಾರಿ ಹೊರಡುವ ಒಂದು ಗಾಡಿ, ಆರಂಭಕ್ಕೆ ಇಷ್ಟು ಸಾಕು.

ಅಳತೆಯ ಪ್ರಶ್ನೆಗೂ ಹೊಸ ಕಟ್ಟಡವೇನೂ ಬೇಕಾಗಿಲ್ಲ. ಕೊಕ್ಕರೆ ರೋಗದ ಲಸಿಕೆ ಹಾಕಿಸಲು ಊರೂರು ತಿರುಗುವ ಪಶುವೈದ್ಯ ಇಲಾಖೆಯ ಸಿಬ್ಬಂದಿ ಈಗಾಗಲೇ ಕೋಳಿಗಳ ತಲೆ ಎಣಿಸುತ್ತಾರೆ. ಕಾನೂನು ಆಯೋಗ ಪ್ರಮಾಣಪತ್ರದ ಹೊಣೆ ಹೊರಿಸಲು ಹೇಳಿದ್ದು ಅದೇ ಇಲಾಖೆಗೆ. ಅವರು ವರ್ಷಕ್ಕೆರಡು ಬಾರಿ ಟೇಪು ಹಿಡಿದು ಬಂದು, ಕೋಳಿಯೊಂದಕ್ಕೆ ಒಳಗೆ ಎಷ್ಟು ಚದರ ಅಡಿ, ಹೊರಗೆ ಎಷ್ಟು, ಕಿಂಡಿಬಾಗಿಲು ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂಬ ಮೂರು ಅಂಕಿಗಳನ್ನು ಬರೆದು ಸಹಿ ಹಾಕಲಿ; ಆ ಮೂರು ಅಂಕಿಗಳು ಹುಲ್ಲುಗಾವಲಿನ ಚಿತ್ರದ ಜಾಗದಲ್ಲಿ, ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರಲಿ.